ತೆರಣಿಯ ಎಲೆ, ಕಾರೈಯ ಕಡಲು: ಒಂದು ದಿನದ ಪಳೆಯುಳಿಕೆ ಪ್ರವಾಸದ ವಿಮರ್ಶೆ

ತಮಿಳುನಾಡಿನ ತಿರುಚಿರಾಪಳ್ಳಿಯಿಂದ ನಸುಕಿನಲ್ಲಿ ಹೊರಟು, ಪೆರಂಬಲೂರು ಮತ್ತು ಅರಿಯಲೂರು ಜಿಲ್ಲೆಗಳ ಪಳೆಯುಳಿಕೆ ನೆಲೆಗಳನ್ನು ತೋರಿಸಿ ಸಂಜೆಗೆ ಮರಳಿ ಕರೆತರುವ ಒಂದು ದಿನದ ಪ್ರವಾಸಕ್ಕೆ ನಾನೂ ನನ್ನ ತಂಗಿಯ ಮಗನೂ ಕಳೆದ ಫೆಬ್ರುವರಿಯ ಒಂದು ಶನಿವಾರ ಹೋಗಿದ್ದೆವು. ತಲಾ 1,800 ರೂಪಾಯಿ ಶುಲ್ಕ, ಹನ್ನೊಂದು ಜನರ ತಂಡ, ಒಂದು ಟೆಂಪೊ ಟ್ರಾವೆಲರ್, ಭೂವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದ ಒಬ್ಬ ಯುವ ಮಾರ್ಗದರ್ಶಿ, ಬೆಳಗಿನ ತಿಂಡಿ ಮತ್ತು ಮಧ್ಯಾಹ್ನದ ಊಟ, ಇಷ್ಟು ಅದರೊಳಗೆ ಸೇರಿತ್ತು. ಸಸ್ಯ ಮತ್ತು ಸಾಗರ ಪಳೆಯುಳಿಕೆಗಳ ಹುಡುಕಾಟ ಎಂದು ಆಯೋಜಕರು ಇದನ್ನು ಕರೆದಿದ್ದರು. ಆ ಹೆಸರಿನಲ್ಲಿ ಸಾಗರದ ಪಾಲು ನಾನು ನಿರೀಕ್ಷಿಸಿದ್ದಕ್ಕಿಂತ ಹೆಚ್ಚಾಗಿಯೇ ದೊರೆಯಿತು. ಸಸ್ಯದ ಪಾಲು ಮಾತ್ರ ದೊರೆಯಬೇಕಾದುದರಲ್ಲಿ ಅರ್ಧವೂ ದೊರೆಯಲಿಲ್ಲ. ಈ ಎರಡು ಮಾತುಗಳಿಗೂ ಕಾರಣಗಳನ್ನು ಬಿಡಿಸಿ ಹೇಳಿದರೆ ಮುಂದೆ ಹೋಗುವ ಕನ್ನಡದ ಕುಟುಂಬಗಳಿಗೆ ಉಪಯೋಗವಾದೀತು ಎಂದು ಇದನ್ನು ಬರೆಯುತ್ತಿದ್ದೇನೆ.

ಪಳೆಯುಳಿಕೆ ನೋಡಲು ನಾವು ಗಡಿ ದಾಟಿ ಅಷ್ಟು ದೂರ ಏಕೆ ಹೋಗಬೇಕು ಎಂದು ಹನ್ನೆರಡು ವರ್ಷದ ಹುಡುಗ ರೈಲಿನಲ್ಲಿಯೇ ಕೇಳಿದ. ನಮ್ಮ ರಾಜ್ಯದ ಬಹುಭಾಗದ ಕಲ್ಲು ತೀರ ಹಳೆಯದು ಎಂಬುದೇ ಅದಕ್ಕೆ ಉತ್ತರ. ಲಾಲ್‌ಬಾಗಿನ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಆಗ ಭೂಮಿಯ ಮೇಲೆ ಎಲೆಯೂ ಇರಲಿಲ್ಲ, ಚಿಪ್ಪೂ ಇರಲಿಲ್ಲ, ಸಾಲದ್ದಕ್ಕೆ ಆ ಕಲ್ಲು ನೆಲದಾಳದ ಬೇಗೆಯಲ್ಲಿ ಬೆಂದು ಬಂದದ್ದು. ಧಾರವಾಡ ಶಿಲಾಸಮೂಹದ ಕೆಲವು ಸುಣ್ಣಕಲ್ಲುಗಳಲ್ಲಿ ಸೂಕ್ಷ್ಮಜೀವಿಗಳು ಕಟ್ಟಿದ ಪದರಗಳ ಗುರುತು ಇದೆಯಾದರೂ ಅದನ್ನು ಕಲ್ಲಿನ ಸಹಜ ಗೆರೆಗಳಿಂದ ಬೇರ್ಪಡಿಸಿ ನೋಡುವುದಕ್ಕೆ ಪಳಗಿದ ಕಣ್ಣು ಬೇಕು. ಇದು ಎಲೆ, ಇದು ಚಿಪ್ಪು ಎಂದು ಮಕ್ಕಳೂ ತಟ್ಟನೆ ಗುರುತಿಸುವಂಥದ್ದು ಬೇಕಾದರೆ ನಮಗೆ ಹತ್ತಿರವಾಗಿರುವ ಸೊಗಸಾದ ಜಾಗ ಅರಿಯಲೂರು ಸೀಮೆಯೇ. ಮೈಸೂರಿನಿಂದ ಬೆಂಗಳೂರಿನ ಮೂಲಕ ಕಾವೇರಿ ಮುಖಜಭೂಮಿಯ ಕಡೆಗೆ ಹೋಗುವ ರಾತ್ರಿಯ ರೈಲು ಬೆಳಕು ಹರಿಯುವ ಮೊದಲೇ ತಿರುಚಿರಾಪಳ್ಳಿಯಲ್ಲಿ ಇಳಿಸುತ್ತದೆ. ನಿಲ್ದಾಣದಲ್ಲಿ ಮುಖ ತೊಳೆದು ಕಾಫಿ ಕುಡಿಯುವ ಹೊತ್ತಿಗೆ ಐದೂವರೆಯಾಗಿತ್ತು, ಹೇಳಿದ ವೇಳೆಗೆ ಸರಿಯಾಗಿ ವಾಹನವೂ ಬಂತು.

ಚೆನ್ನೈ ಹೆದ್ದಾರಿಯಲ್ಲಿ ಉತ್ತರಕ್ಕೆ ಸಾಗಿ ಪಾಡಾಲೂರಿನ ಒಂದು ಚಹಾದಂಗಡಿಯ ಮುಂದೆ ನಿಂತಾಗ ಮಾರ್ಗದರ್ಶಿಯು ಬೆಂಚಿನ ಮೇಲೆ ಭೂವಿಜ್ಞಾನದ ಬಣ್ಣದ ನಕ್ಷೆಯೊಂದನ್ನು ಹರಡಿ ಮಾಡಿದ ಹತ್ತು ನಿಮಿಷದ ಪಾಠವು ಇಡೀ ದಿನದ ಅತ್ಯುತ್ತಮ ಭಾಗಗಳಲ್ಲೊಂದು. ರಸ್ತೆಯ ಪಶ್ಚಿಮಕ್ಕೆ ಕಾಣುವ ಬೋಳು ಗುಡ್ಡಗಳು ನಮ್ಮ ಬಯಲುಸೀಮೆಯಲ್ಲಿರುವಂಥದೇ ಪುರಾತನ ಗಟ್ಟಿಶಿಲೆ. ಅಲ್ಲಿಂದ ಪೂರ್ವಕ್ಕೆ ಕೆಲವೇ ಕಿಲೋಮೀಟರ್ ಸರಿದರೆ ಆ ಶಿಲೆಯ ಮೇಲೆ ಜೇಡಿಮಣ್ಣು, ಮರಳುಗಲ್ಲು, ಸುಣ್ಣಕಲ್ಲುಗಳ ಪದರಗಳು ಒಂದರ ಮೇಲೊಂದು ಪೂರ್ವದಿಕ್ಕಿಗೆ ವಾಲಿಕೊಂಡು ಮಲಗಿವೆ. ಹಾಗೆ ವಾಲಿರುವುದರಿಂದ ಪೂರ್ವಕ್ಕೆ ನಡೆದಷ್ಟೂ ಹೊಸ ಪದರ ಕಾಲಿಗೆ ಸಿಗುತ್ತ ಹೋಗುತ್ತದೆ: ಮೊದಲು ತೆರಣಿ ಎಂಬ ಊರಿನ ಎಲೆಗಳು, ಬಳಿಕ ಕಾರೈ ಎಂಬ ಊರಿನ ಕಡಲ ಕೆಸರು, ಅನಂತರ ಸಾತನೂರಿನ ಮರ, ಕೊನೆಗೆ ಅರಿಯಲೂರಿನ ಸಿಂಪಿಗಳ ಸುಣ್ಣಕಲ್ಲು. ಭಾರತವು ದಕ್ಷಿಣದ ಮಹಾಖಂಡವಾದ ಗೊಂಡ್ವಾನದಿಂದ ಸೀಳಿ ಬೇರೆಯಾದಾಗ ಈ ತೀರದಲ್ಲಿ ನೆಲ ಕುಸಿದು, ಕ್ರಿಟೇಶಿಯಸ್ ಯುಗದಲ್ಲಿ ಸಮುದ್ರವು ಒಳನಾಡಿಗೆ ಏರಿ ಬಂದು, ಮತ್ತೆ ಹಿಂದೆ ಸರಿದ ಕಥೆಯನ್ನು ಆ ಪದರಗಳು ಅನುಕ್ರಮವಾಗಿ ಹೇಳುತ್ತವೆ. ಈ ಯುಗ 14.5 ಕೋಟಿ ವರ್ಷಗಳ ಹಿಂದೆ ಆರಂಭವಾಗಿ 6.6 ಕೋಟಿ ವರ್ಷಗಳ ಹಿಂದೆ ಮುಗಿಯಿತು.

ಅದೇ ಪಾಠದಲ್ಲಿ ಅವರು ಒಂದು ನಿಯಮವನ್ನೂ ಹೇಳಿದರು. ಏನು ಸಿಕ್ಕರೂ ನೋಡಬಹುದು, ಅಳತೆಯ ಪಟ್ಟಿ ಇಟ್ಟು ಫೋಟೊ ತೆಗೆಯಬಹುದು, ಟಿಪ್ಪಣಿ ಬರೆದುಕೊಳ್ಳಬಹುದು. ಎತ್ತಿದ್ದನ್ನು ಎತ್ತಿದ ಜಾಗದಲ್ಲಿಯೇ ಇಡಬೇಕು. ಸುತ್ತಿಗೆ, ಉಳಿ ಯಾರ ಕೈಯಲ್ಲೂ ಇರಕೂಡದು. ಯಾವ ಪದರದಲ್ಲಿ, ಯಾವುದರ ಜೊತೆಗೆ ಬಿದ್ದಿತ್ತು ಎಂಬ ಮಾಹಿತಿ ತಪ್ಪಿಹೋದ ಪಳೆಯುಳಿಕೆ ಮನೆಯ ಷೋಕೇಸಿನಲ್ಲಿ ಬರೀ ಕಲ್ಲಾಗಿ ಉಳಿಯುತ್ತದೆ ಎಂದು ಅವರು ಕೊಟ್ಟ ಕಾರಣ ಮಕ್ಕಳಿಗೂ ಅರ್ಥವಾಯಿತು. ಮಧ್ಯಾಹ್ನದ ಹೊತ್ತಿಗೆ ತಂಡದ ಒಬ್ಬರು ಎರಡು ಚೂರುಗಳನ್ನು ಚೀಲಕ್ಕೆ ಸೇರಿಸಿದ್ದು ಗಮನಕ್ಕೆ ಬಂದಾಗ ಮಾರ್ಗದರ್ಶಿ ಅವರನ್ನು ಎಲ್ಲರೆದುರು ಗದರಿಸದೆ, ಪಕ್ಕಕ್ಕೆ ಕರೆದು ಮಾತನಾಡಿ, ಅವರ ಜೊತೆಗೇ ನಡೆದುಹೋಗಿ ಚೂರುಗಳನ್ನು ಅದೇ ಕೊರಕಲಿನಲ್ಲಿ ಇರಿಸಿ ಬಂದರು. ಇಂಥ ಪ್ರವಾಸಗಳನ್ನು ನಡೆಸುವವರಲ್ಲಿ ನಾನು ಮೊದಲು ನೋಡುವ ಗುಣ ಇದು.

ಕಾರೈಗೆ ತಲುಪಿದಾಗ ಏಳೂವರೆ. ಹೊಲಗಳ ನಡುವಿನಿಂದ ಹೋಗುವ ದಾರಿ ಒಮ್ಮೆಲೇ ಮುಗಿದು, ಒಂದು ಹುಲ್ಲೆಸಳೂ ಇಲ್ಲದ, ಬೂದು ಮತ್ತು ಕಂದು ಬಣ್ಣದ ಕೊರಕಲುಗಳ ಸೀಮೆ ಎದುರಾಗುತ್ತದೆ. ಮೆತ್ತನೆಯ ಶೇಲ್ ಕಲ್ಲನ್ನು ಮಳೆನೀರು ಎಲ್ಲ ದಿಕ್ಕಿನಿಂದಲೂ ಕೊರೆದು ಸಾವಿರಾರು ಕಿರುಕಣಿವೆಗಳನ್ನಾಗಿ ಮಾಡಿದೆ. ಅವುಗಳ ಇಳಿಜಾರಿನಲ್ಲಿ ಜಿಪ್ಸಮ್ಮಿನ ತೆಳು ಹಲಗೆಗಳು ಒಡೆದ ಗಾಜಿನಂತೆ ಎಲ್ಲೆಲ್ಲೂ ಹೊಳೆಯುತ್ತಿದ್ದವು. ಮೊದಲ ಕಾಲುಗಂಟೆ ನಮ್ಮಲ್ಲಿ ಯಾರಿಗೂ ಏನೂ ಕಾಣಿಸಲಿಲ್ಲ. ಆಗ ಮಾರ್ಗದರ್ಶಿಯು ಇಬ್ಬಿಬ್ಬರಿಗೆ ಒಂದರಂತೆ ನಾಲ್ಕು ಮೀಟರ್ ಹಗ್ಗದ ಕುಣಿಕೆಯನ್ನೂ ಒಂದು ಕೈಮಸೂರವನ್ನೂ ಕೊಟ್ಟು, ಹಗ್ಗವನ್ನು ನೆಲದ ಮೇಲೆ ಚೌಕವಾಗಿ ಹಾಸಿ, ಅದರೊಳಗೆ ಇರುವುದನ್ನಷ್ಟೇ ಕುಳಿತುಕೊಂಡು ನೋಡಬೇಕೆಂದರು. ಸೂರ್ಯ ಇನ್ನೂ ಕೆಳಗಿದ್ದುದರಿಂದ ಪ್ರತಿಯೊಂದು ಹರಳಿಗೂ ಉದ್ದನೆಯ ನೆರಳಿತ್ತು. ಆ ನೆರಳಿನಲ್ಲಿ ಗುಂಡಗಿನದು, ಸುರುಳಿಯಾದದ್ದು, ಗೆರೆಯುಳ್ಳದ್ದು ತಾನಾಗಿ ಬೇರೆಯಾಗಿ ಕಾಣತೊಡಗಿತು. ಒಂದು ಚದರ ಮೀಟರಿನಲ್ಲಿ ನಾವಿಬ್ಬರು ಅರ್ಧ ಗಂಟೆಯಲ್ಲಿ ಹದಿನಾಲ್ಕು ಚೂರುಗಳನ್ನು ಗುರುತಿಸಿದೆವು.

ಮೊದಲು ಸಿಕ್ಕಿದ್ದು ಬೆಲೆಮ್ನೈಟ್. ಕಿರುಬೆರಳಿನಷ್ಟು ದಪ್ಪ, ಒಂದು ತುದಿ ಚೂಪು, ನಯವಾದ ಮೈ, ಜೇನಿನ ಬಣ್ಣ; ನೋಡಿದವರಿಗೆ ಬಂದೂಕಿನ ಗುಂಡಿನ ನೆನಪು ಬರುತ್ತದೆ. ಮುರಿದ ತುದಿಯನ್ನು ಮಸೂರದಲ್ಲಿ ನೋಡಿದಾಗ ನಡುವಿನ ಒಂದು ಚುಕ್ಕೆಯಿಂದ ಸುತ್ತಲೂ ಕಿರಣಗಳಂತೆ ಹೊರಟ ಕ್ಯಾಲ್ಸೈಟ್ ಎಳೆಗಳು, ಅವುಗಳನ್ನು ಅಡ್ಡಹಾಯುವ ಬೆಳವಣಿಗೆಯ ಉಂಗುರಗಳು ಸ್ಪಷ್ಟವಾಗಿ ಕಂಡವು. ಇದು ನಮ್ಮ ಕರಾವಳಿಯವರು ಬೊಂಡಾಸ್ ಎನ್ನುವ ಕಡಲಜೀವಿ ಸ್ಕ್ವಿಡ್ಡಿನ ದೂರದ ಬಂಧುವಿನ ದೇಹದೊಳಗಿದ್ದ ಗಟ್ಟಿ ಭಾಗ. ಮೆತ್ತನೆಯ ಮೈಯೆಲ್ಲ ಕೊಳೆತುಹೋಗಿ ಬಾಲದ ತುದಿಯ ಈ ಕವಚವೊಂದೇ ಕೆಸರಿನಲ್ಲಿ ಉಳಿದಿದೆ. ನಾನು ಕುಮಟೆಯ ಕಡೆಯವಳು. ಬೊಂಡಾಸಿನ ಬೆನ್ನಿನೊಳಗಿಂದ ಎಳೆದು ತೆಗೆಯುವ ಪಾರದರ್ಶಕ ಕಡ್ಡಿಯನ್ನು ಅಡುಗೆಮನೆಯಲ್ಲಿ ಎಷ್ಟೋ ಸಲ ನೋಡಿದ್ದೇನೆ. ಅದನ್ನು ಹೇಳಿದಾಗ ಮಾರ್ಗದರ್ಶಿ ಬಹಳ ಸಂತೋಷಪಟ್ಟು, ಉಳಿದವರಿಗೆ ವಿವರಿಸುವ ಕೆಲಸವನ್ನು ನನಗೇ ಒಪ್ಪಿಸಿದರು.

ಸುರುಳಿ ಚಿಪ್ಪಿನ ಕಡಲಜೀವಿಯಾದ ಅಮೊನೈಟ್ ಸಿಗಲು ಒಂಬತ್ತು ಗಂಟೆಯಾಯಿತು. ಹುಡುಗ ಕೊರಕಲಿನ ತಳದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, “ದೊಡ್ಡಮ್ಮ, ಇಲ್ಲಿ ಬಾ, ಚಕ್ಕುಲಿ ಇದೆ” ಎಂದು ಪಿಸುಗುಟ್ಟಿದ. ಗಟ್ಟಿಯಾಗಿ ಕೂಗಿದರೆ ಅದು ಓಡಿಹೋದೀತೆಂಬ ಭಾವ ಅವನ ಮುಖದಲ್ಲಿತ್ತು. ಎರಡು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದಾದ, ಕಾಲುಭಾಗ ಮುರಿದ ಸುರುಳಿ ಅದು. ಮುರಿದ ಕಡೆಯಲ್ಲಿ ಒಳಗಿನ ಕೋಣೆಗಳ ಗೋಡೆಗಳು ಒಂದರ ಹಿಂದೊಂದು ಕಾಣುತ್ತಿದ್ದವು. ಪ್ರಾಣಿ ಬೆಳೆದಂತೆ ದೊಡ್ಡ ಕೋಣೆ ಕಟ್ಟಿಕೊಂಡು ಮುಂದೆ ಸರಿಯುತ್ತ, ಹಿಂದಿನ ಕೋಣೆಗಳಲ್ಲಿ ಗಾಳಿ ತುಂಬಿಕೊಂಡು ನೀರಿನಲ್ಲಿ ತೇಲುತ್ತಿತ್ತು. ಕೋಣೆಗಳ ಗೋಡೆ ಹೊರಚಿಪ್ಪನ್ನು ಸೇರುವ ಗೆರೆ ಜರೀಗಿಡದ ಎಲೆಯ ಅಂಚಿನಂತೆ ಸುಕ್ಕುಸುಕ್ಕಾಗಿರುತ್ತದೆ. ಆ ಸುಕ್ಕಿನ ವಿನ್ಯಾಸ ಜಾತಿಯಿಂದ ಜಾತಿಗೆ ಬೇರೆ. ಅಮೊನೈಟುಗಳು ಬೇಗಬೇಗ ರೂಪ ಬದಲಿಸುತ್ತ ಹೋದ ಜೀವಿಗಳಾದ ಕಾರಣ, ಯಾವ ಜಾತಿ ಸಿಕ್ಕಿತು ಎಂಬುದರಿಂದ ಆ ಪದರದ ಕಾಲವನ್ನು ತಿಳಿಯಬಹುದು. ಡೈನೋಸಾರುಗಳು ಅಳಿದ ಅದೇ 6.6 ಕೋಟಿ ವರ್ಷಗಳ ಹಿಂದಿನ ಹೊತ್ತಿನಲ್ಲಿ ಇವೂ ಅಳಿದವು. ಇವುಗಳ ಬಂಧುವಾದ ನಾಟಿಲಸ್ ಮಾತ್ರ ಇಂದಿಗೂ ಪೆಸಿಫಿಕ್ ಮತ್ತು ಹಿಂದೂ ಮಹಾಸಾಗರಗಳಲ್ಲಿ ಬದುಕಿದೆ.

ತಂಡದಲ್ಲಿದ್ದ ಹಿರಿಯ ದಂಪತಿ ಆ ಸುರುಳಿಯನ್ನು ಕಂಡೊಡನೆ ಕೈಜೋಡಿಸಿದರು. ಅವರ ಮನೆಯಲ್ಲಿ ಮೂರು ತಲೆಮಾರುಗಳಿಂದ ಪೂಜೆಯಲ್ಲಿರುವ ಸಾಲಿಗ್ರಾಮದ ಒಳಗಿನ ಚಕ್ರ ಇದೇ ರೀತಿಯದು ಎಂದರು. ಮಾರ್ಗದರ್ಶಿಯ ಉತ್ತರ ನನಗೆ ಮೆಚ್ಚುಗೆಯಾಯಿತು: ನೇಪಾಳದ ಗಂಡಕಿ ನದಿಯಲ್ಲಿ ಉರುಳಿ ಬರುವ ಕಪ್ಪು ಶೇಲ್ ಗುಂಡುಗಳೊಳಗಿನ ಚಕ್ರವೂ ಅಮೊನೈಟಿನ ಅಚ್ಚೇ, ಅವುಗಳಲ್ಲಿ ಹೆಚ್ಚಿನವು ಜುರಾಸಿಕ್ ಯುಗಕ್ಕೆ ಸೇರಿ ಕಾರೈಯವಕ್ಕಿಂತ ಹಳೆಯವು, ಹಿಮಾಲಯ ಏಳುವ ಮುನ್ನ ಅಲ್ಲಿದ್ದ ಕಡಲಿನವು ಎಂದು ಅವರು ವಿವರಿಸಿದರು. ಪೂಜೆಯ ಕಲ್ಲನ್ನು ಕೀಳು ಮಾಡದೆ, ವಿಜ್ಞಾನವನ್ನೂ ಮರೆಮಾಚದೆ ಆಡಿದ ಮಾತು ಅದು. ಆ ಹಿರಿಯರು ಆಮೇಲೆ ದಿನವಿಡೀ ಮಾರ್ಗದರ್ಶಿಯ ಪಕ್ಕ ಬಿಡಲಿಲ್ಲ, ಅತ್ಯಂತ ಹೆಚ್ಚು ಪ್ರಶ್ನೆಗಳನ್ನು ಕೇಳಿದವರೂ ಅವರೇ.

ನನ್ನ ಮನಸ್ಸಿನಲ್ಲಿ ಎಲ್ಲಕ್ಕಿಂತ ಆಳವಾಗಿ ನಿಂತಿರುವುದು ಸುರುಳಿಯೂ ಅಲ್ಲದ, ಗುಂಡೂ ಅಲ್ಲದ, ಒಂದು ಗೇಣುದ್ದದ ಮರದ ಚೂರು. ದೂರದಿಂದ ಒಣಗಿದ ಕೊರಡಿನಂತೆಯೇ ಇತ್ತು. ಮುಟ್ಟಿದರೆ ಕಲ್ಲಿನ ತಣ್ಪು. ಅದರ ಮೈತುಂಬ ಬೆರಳಿನಷ್ಟು ದಪ್ಪದ ಕೊಳವೆಗಳು, ಒಂದನ್ನೊಂದು ತಾಗದಂತೆ ಬಳಸಿಕೊಂಡು ಸಾಗಿ, ಕೆಲವು ಬಿಳಿಯ ಹರಳಿನಿಂದಲೂ ಕೆಲವು ಬೂದು ಕೆಸರಿನಿಂದಲೂ ತುಂಬಿಹೋಗಿದ್ದವು. ಅವು ಟೆರೆಡೊ ಎಂಬ, ಹುಳುವಿನಂತೆ ಕಾಣುವ ಚಿಪ್ಪುಜೀವಿ ಕೊರೆದ ಬಿಲಗಳು. ಕಾಡಿನ ಮರವೊಂದು ಹೊಳೆಯಲ್ಲಿ ತೇಲಿ ಕಡಲು ಸೇರಿ, ತೇಲುತ್ತಿರುವಾಗಲೇ ಟೆರೆಡೊಗಳಿಗೆ ಆಹಾರವಾಗಿ, ಜಾಳಾಗಿ, ಭಾರವಾಗಿ ತಳಕ್ಕಿಳಿದು ಕೆಸರಿನಲ್ಲಿ ಹೂತುಹೋದ ಕಥೆಯಿಡೀ ಆ ಒಂದು ಗೇಣಿನೊಳಗೆ ಇತ್ತು. ನನ್ನ ಬಾಲ್ಯದಲ್ಲಿ ಊರಿನ ದೋಣಿಗಳನ್ನು ಮರಳಿನ ಮೇಲೆಳೆದು ಅಡಿಭಾಗಕ್ಕೆ ಎಣ್ಣೆ ಬಳಿಯುತ್ತಿದ್ದುದು ಇದೇ ಬಗೆಯ ಕೊರೆಯುವ ಜೀವಿಯ ಭಯದಿಂದ. ಸಸ್ಯವೂ ಸಾಗರವೂ ಒಂದೇ ಕಲ್ಲಿನಲ್ಲಿ ಸೇರಿರುವ ಇಂಥದೊಂದನ್ನು ಕೈಯಲ್ಲಿ ಹಿಡಿಯುವುದಕ್ಕಾಗಿಯೇ ಈ ಪ್ರವಾಸಕ್ಕೆ ಹೋಗಬಹುದು.

ಕೊರಕಲಿನ ನೆರಳಿರುವ ಒಂದು ಮೂಲೆಯಲ್ಲಿ ಕುಳಿತು ಕೇಳಿದ ಇತಿಹಾಸವೂ ಚೆನ್ನಾಗಿತ್ತು. ಕೇ ಮತ್ತು ಕನ್ಲಿಫ್ ಎಂಬಿಬ್ಬರು ಈ ಸೀಮೆಯಿಂದಲೂ ಪುದುಚೇರಿಯ ಸುತ್ತಲಿನಿಂದಲೂ ಸಂಗ್ರಹಿಸಿದ ಚಿಪ್ಪುಗಳನ್ನು ಬ್ರಿಟಿಷ್ ಜೀವವಿಜ್ಞಾನಿ ಎಡ್ವರ್ಡ್ ಫೋರ್ಬ್ಸ್ 1846ರಲ್ಲಿ ವರ್ಣಿಸಿದರು. ಭೂವಿಜ್ಞಾನಿ ಬ್ಲಾನ್‌ಫರ್ಡ್ 1862ರಲ್ಲಿ ಇಲ್ಲಿನ ಪದರಗಳನ್ನು ಉಟ್ಟತ್ತೂರು, ತಿರುಚಿರಾಪಳ್ಳಿ, ಅರಿಯಲೂರು ಎಂದು ಮೂರು ಸಮೂಹಗಳಾಗಿ ವಿಂಗಡಿಸಿದರು; ಆ ಹೆಸರುಗಳು ಇಂದಿಗೂ ಬಳಕೆಯಲ್ಲಿವೆ. ಬಳಿಕ ಮೊರಾವಿಯಾ ಮೂಲದ ಫರ್ಡಿನಾಂಡ್ ಸ್ಟೊಲಿಚ್ಕಾ ಸುಮಾರು ಒಂದು ದಶಕ ಶ್ರಮಿಸಿ ದಕ್ಷಿಣ ಭಾರತದ ಕ್ರಿಟೇಶಿಯಸ್ ಜೀವಿಗಳನ್ನು ಸಂಪುಟ ಸಂಪುಟಗಳಾಗಿ ಚಿತ್ರಸಹಿತ ದಾಖಲಿಸಿದರು. ಮಧ್ಯ ಏಷ್ಯಾದ ಯಾರ್ಕಂದಿನ ಯಾತ್ರೆಯಿಂದ ಮರಳುವಾಗ 1874ರಲ್ಲಿ, ಮೂವತ್ತಾರನೆಯ ವಯಸ್ಸಿನಲ್ಲಿ, ಲಡಾಖಿನ ಎತ್ತರದಲ್ಲಿ ತೀರಿಕೊಂಡ ಅವರ ಸ್ಮಾರಕ ಲೇಹ್‌ನಲ್ಲಿದೆ. ಅವರ ಸಂಪುಟದ ಒಂದು ಚಿತ್ರಪುಟದ ಪ್ರತಿಯನ್ನು ಮಾರ್ಗದರ್ಶಿ ತಂದಿದ್ದರು. ಹುಡುಗನಿಗೆ ಸಿಕ್ಕ ಸುರುಳಿಯನ್ನು ಅದರ ಪಕ್ಕದಲ್ಲಿಟ್ಟು ಹೋಲಿಸಿ ನೋಡಿದೆವು.

ಇನ್ನು ಕೊರತೆಗಳು. ಕಾರೈಯಲ್ಲಿ ಹತ್ತು ಗಂಟೆಗೆ ಮುಗಿಯಬೇಕಾಗಿದ್ದ ಕಾರ್ಯಕ್ರಮ ಹನ್ನೊಂದೂಮುಕ್ಕಾಲಿನವರೆಗೂ ಎಳೆಯಿತು. ಒಂದು ಮರವೂ ಇಲ್ಲದ ಆ ನೆಲದಲ್ಲಿ ಫೆಬ್ರುವರಿಯ ಬಿಸಿಲೂ ತಡೆಯಲಾಗದ್ದು. ಜಿಪ್ಸಮ್ಮಿನ ಹೊಳಪು ಕಣ್ಣಿಗೆ ರಾಚುತ್ತದೆ. ತಲಾ ಒಂದು ಲೀಟರಿನಂತೆ ಕೊಟ್ಟ ನೀರು ಹತ್ತಕ್ಕೇ ಮುಗಿದಿತ್ತು. ಶೌಚಾಲಯದ ವ್ಯವಸ್ಥೆ ಇದೆಯೇ ಎಂದು ಮುಂಚೆಯೇ ಫೋನಿನಲ್ಲಿ ಕೇಳಿದಾಗ ಇದೆ ಎಂಬ ಉತ್ತರ ಬಂದಿತ್ತು, ಆದರೆ ಪಾಡಾಲೂರು ಬಿಟ್ಟ ಮೇಲೆ ಮೊದಲ ಶೌಚಾಲಯ ಕಂಡದ್ದು ಮಧ್ಯಾಹ್ನದ ಊಟದ ಜಾಗದಲ್ಲಿಯೇ. ಹನ್ನೊಂದು ಜನರಲ್ಲಿ ಐವರು ಹೆಂಗಸರಿದ್ದೆವು, ಅವರಲ್ಲಿ ಇಬ್ಬರು ಹಿರಿಯರು. ಈ ವಿಷಯದಲ್ಲಿ ಇಲ್ಲ ಎಂಬ ನೇರ ಉತ್ತರ ಬಂದಿದ್ದರೆ ನಾವು ಹೇಗೋ ಸಿದ್ಧರಾಗಿ ಬರುತ್ತಿದ್ದೆವು. ಸುಳ್ಳು ಭರವಸೆಯಿಂದಾದ ಸಂಕಟ ಬಿಸಿಲಿನ ಸಂಕಟಕ್ಕಿಂತ ಹೆಚ್ಚಿನದು.

ಕಾರೈಯಲ್ಲಿ ಕಳೆದ ಆ ಹೆಚ್ಚುವರಿ ಹೊತ್ತನ್ನು ತೆರಣಿಯಿಂದ ಕಡಿತ ಮಾಡಿದರು, ನನ್ನ ಮುಖ್ಯ ಆಕ್ಷೇಪ ಇದೇ. ಒಂದೂವರೆ ಗಂಟೆ ಎಂದು ಕಾರ್ಯಕ್ರಮದ ಪಟ್ಟಿಯಲ್ಲಿದ್ದ ತೆರಣಿಗೆ ದೊರೆತದ್ದು ಇಪ್ಪತ್ತೈದು ನಿಮಿಷ, ಅದೂ ಸೂರ್ಯ ನೆತ್ತಿಯ ಮೇಲಿದ್ದಾಗ. ಇಲ್ಲಿ ಜೇಡಿಮಣ್ಣು ತೆಗೆಯುವ ಗಣಿಗುಂಡಿಗಳಿವೆ. ಬಿಳಿ, ನಸುಗೆಂಪು, ತಿಳಿಹಳದಿ ಬಣ್ಣದ ನುಣುಪಾದ ಜೇಡಿಯ ಹಾಳೆಗಳ ನಡುವೆ ಟಿಲೋಫಿಲಮ್ ಮೊದಲಾದ ಗಿಡಗಳ ಎಲೆಗಳ ಅಚ್ಚು ಕುಳಿತಿದೆ. ನಡುವೆ ಒಂದು ದಂಟು, ಎರಡೂ ಪಕ್ಕದಲ್ಲಿ ಬಾಚಣಿಗೆಯ ಹಲ್ಲಿನಂತೆ ಒತ್ತಾಗಿ ಜೋಡಿಸಿದ ಕಿರುಎಲೆಗಳು. ನೋಡಲು ಈಗಿನ ಸೈಕಸ್ ಗಿಡದ ಗರಿಯನ್ನು ಹೋಲುತ್ತದೆ, ಆದರೆ ಬೇರೆಯೇ ಆದ, ಪೂರ್ಣವಾಗಿ ಅಳಿದುಹೋದ ಸಸ್ಯವರ್ಗ. ಇವು ಕ್ರಿಟೇಶಿಯಸ್ ಯುಗದ ಮೊದಲ ಭಾಗಕ್ಕೆ ಸೇರಿದವು, ಸಮುದ್ರವು ಈ ನೆಲಕ್ಕೆ ಏರಿ ಬರುವುದಕ್ಕೆ ಮೊದಲಿನವು. ಇದೇ ಬಗೆಯ ಎಲೆಗಳು ದೂರದ ಜಾರ್ಖಂಡಿನ ರಾಜಮಹಲ್ ಬೆಟ್ಟಗಳಲ್ಲಿಯೂ ಸಿಗುತ್ತವೆ.

ಚಿಪ್ಪು ಗಟ್ಟಿಯಾದುದರಿಂದ ಕಡಲ ಪಳೆಯುಳಿಕೆ ತಾನಾಗಿ ಕಣ್ಣಿಗೆ ಬೀಳುತ್ತದೆ. ಎಲೆ ಹಾಗಲ್ಲ. ಅದು ಜೇಡಿಯ ಮೇಲೆ ಉಳಿದ ಒಂದು ಒತ್ತು ಮಾತ್ರ. ಬೆಳಕು ಓರೆಯಾಗಿ ಬೀಳದಿದ್ದರೆ ಕೈಯಲ್ಲಿದ್ದರೂ ಕಾಣುವುದಿಲ್ಲ. ನಡುಹಗಲಿನ ನೇರ ಬೆಳಕಿನಲ್ಲಿ ನಾವು ಹಾಳೆಯ ಮೇಲೆ ಹಾಳೆ ಹೊರಳಿಸಿದರೂ ಬಿಳಿಯ ಮೇಲೆ ಬಿಳಿ ಮಾತ್ರ ಕಂಡಿತು. ಹಿರಿಯ ದಂಪತಿಯಲ್ಲಿ ಆಕೆ ತಮ್ಮ ಸೆರಗನ್ನು ಚಾಚಿ ನೆರಳು ಮಾಡಿ, ಮಾರ್ಗದರ್ಶಿ ಮೊಬೈಲಿನ ದೀಪವನ್ನು ಪಕ್ಕದಿಂದ ಹಿಡಿದಾಗ ಮಾತ್ರ ಒಂದು ಎಲೆ ಎದ್ದು ಬಂತು: ತೋರುಬೆರಳಿನುದ್ದದ ಗರಿ, ಒಂದು ಹಲ್ಲೂ ಮುರಿದಿಲ್ಲ, ಪ್ರತಿಯೊಂದು ಕಿರುಎಲೆಯ ಮೇಲೂ ಕೂದಲೆಳೆಯಂಥ ನರಗಳು. ಎಲ್ಲರೂ ಬಗ್ಗಿ ನೋಡುತ್ತಿರುವಾಗಲೇ ಚಾಲಕರು ಊಟಕ್ಕೆ ತಡವಾಯಿತೆಂದು ಹಾರ್ನ್ ಹೊಡೆದರು. ಅಷ್ಟರಲ್ಲಿಯೇ ನಾವು ಏಳಬೇಕಾಯಿತು.

ನಕ್ಷೆಯ ಪಾಠದಲ್ಲಿ ಹೇಳಿದಂತೆ ಕಲ್ಲುಗಳ ಕಾಲಕ್ರಮ ಪಶ್ಚಿಮದಿಂದ ಪೂರ್ವಕ್ಕೆ ಸಾಗುತ್ತದೆ. ಅಂದಮೇಲೆ ವಾಹನವೂ ಹಾಗೆಯೇ ಸಾಗುವುದು ಸಹಜ. ಬೆಳಗಿನ ಓರೆ ಬೆಳಕಿನಲ್ಲಿ ತೆರಣಿ, ಎಂಟೂವರೆಯಿಂದ ಹತ್ತೂವರೆಯವರೆಗೆ ಕಾರೈ, ಅನಂತರ ಸಾತನೂರು, ಕೊನೆಗೆ ಅರಿಯಲೂರು ಎಂದು ಯೋಜಿಸಿದ್ದರೆ ಎಲೆಗೂ ಬೆಳಕು ದೊರೆಯುತ್ತಿತ್ತು, ಕಾಡು ಮೊದಲು ಕಡಲು ಆಮೇಲೆ ಎಂಬ ನೆಲದ ಕಥೆಯೂ ಅನುಕ್ರಮವಾಗಿ ಮನಸ್ಸಿಗೆ ಇಳಿಯುತ್ತಿತ್ತು. ಕಾರೈ ಮೊದಲು ನೋಡಿದವರಿಗೆ ತೆರಣಿಯು ಹಿಂದಕ್ಕೆ ಹೋಗಿ ಬಂದ ಒಂದು ಸಣ್ಣ ನಿಲುಗಡೆಯಾಗಿಬಿಡುತ್ತದೆ. ಆಯೋಜಕರಿಗೆ ಸಾಗರದ ಪಳೆಯುಳಿಕೆಗಳ ಮೇಲಿರುವ ಮಮತೆ ಅರ್ಥವಾಗುವಂಥದೇ. ಅವು ಬೇಗ ಸಿಗುತ್ತವೆ, ಫೋಟೊದಲ್ಲಿ ಚೆನ್ನಾಗಿ ಬರುತ್ತವೆ. ಆದರೆ ಸಸ್ಯದ ಹೆಸರನ್ನು ಮುಂದಿಟ್ಟು ಕರೆದುಕೊಂಡು ಹೋದ ಮೇಲೆ ಸಸ್ಯಕ್ಕೆ ನ್ಯಾಯ ಸಲ್ಲಬೇಕು.

ಹೆದ್ದಾರಿಯ ಪಕ್ಕದ ಒಂದು ಮೆಸ್ಸಿನಲ್ಲಿ ಬಾಳೆಲೆಯ ಊಟ. ಬಿಸಿಯಾಗಿತ್ತು, ಶುಚಿಯಾಗಿತ್ತು, ಮಜ್ಜಿಗೆ ಧಾರಾಳವಾಗಿತ್ತು.

ಸಾತನೂರು ಎಂದೊಡನೆ ನಮ್ಮವರಿಗೆ ಕನಕಪುರದ ಕಡೆಯ ಊರು ನೆನಪಾಗುತ್ತದೆ. ಇದು ಪೆರಂಬಲೂರು ಜಿಲ್ಲೆಯ ಸಾತನೂರು. ಇಲ್ಲಿ ಕಲ್ಲಾದ ಮರದ ಒಂದು ಕಾಂಡ 18 ಮೀಟರಿಗೂ ಹೆಚ್ಚು ಉದ್ದಕ್ಕೆ ನೆಲದಲ್ಲಿ ಮಲಗಿದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಎಂ. ಎಸ್. ಕೃಷ್ಣನ್ 1940ರಲ್ಲಿ ಇದನ್ನು ಮೊದಲು ವರದಿ ಮಾಡಿದರು, ಈಗ ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಬೇಲಿ ಹಾಕಿ ಅಂದವಾಗಿ ಕಾಪಾಡಿದ್ದಾರೆ. ಹೂಬಿಡುವ ಗಿಡಗಳು ನೆಲವನ್ನು ಆವರಿಸುವುದಕ್ಕೆ ಮುಂಚೆ ಕಾಡುಗಳನ್ನು ಆಳುತ್ತಿದ್ದ, ಪೈನ್ ಜಾತಿಗೆ ಬಂಧುವಾದ ಶಂಕುಧಾರಿ ಮರ ಇದು. ಮಣ್ಣಿನಡಿಯ ನೀರಿನಲ್ಲಿ ಕರಗಿದ್ದ ಸಿಲಿಕಾ ಮರದ ಕೋಶಕೋಶದೊಳಗೂ ಇಳಿದು ಅದನ್ನು ಕಲ್ಲಾಗಿಸಿದೆ. ಅಡ್ಡಲಾಗಿ ಬಿರುಕುಬಿಟ್ಟು ತುಂಡುಗಳಾಗಿದ್ದರೂ ತುಂಡುಗಳೆಲ್ಲ ಅದೇ ಸಾಲಿನಲ್ಲಿ ಉಳಿದಿರುವುದರಿಂದ, ಒಂದು ತುದಿಯಲ್ಲಿ ನಿಂತು ನೋಡಿದರೆ ಬಿದ್ದ ಮರವನ್ನು ನೋಡಿದಂತೆಯೇ ಆಗುತ್ತದೆ. ಹುಡುಗ ಬೇಲಿಯ ಹೊರಗಿನಿಂದ ಹೆಜ್ಜೆಯಲ್ಲಿ ಅಳೆದು ಮೂವತ್ತೆರಡು ಹೆಜ್ಜೆ ಎಂದು ಬರೆದುಕೊಂಡ.

ಇಲ್ಲಿಯೂ ಮಾರ್ಗದರ್ಶಿ ತಮ್ಮ ಯೋಗ್ಯತೆ ತೋರಿದರು. ಫಲಕದಲ್ಲಿ ಮರದ ವಯಸ್ಸು ಸುಮಾರು 12 ಕೋಟಿ ವರ್ಷ ಎಂದಿದೆ. ಸುತ್ತಲಿನ ಪದರಗಳು ತಿರುಚಿರಾಪಳ್ಳಿ ಸಮೂಹದವು, ಅಂದರೆ ಕಾರೈಯ ಕೆಸರಿನ ಮೇಲೆ ಆಮೇಲೆ ಬಂದು ಕುಳಿತವು. ಕಾರೈಯ ಪದರಗಳ ಕಾಲ ಹೆಚ್ಚುಕಡಿಮೆ 10 ಕೋಟಿ ವರ್ಷಗಳ ಆಚೀಚೆ. ಹಾಗಿದ್ದರೆ ಈ ಸಂಖ್ಯೆಗಳನ್ನು ಹೇಗೆ ಹೊಂದಿಸುವಿರಿ ಎಂದು ಅವರು ಮಕ್ಕಳನ್ನೇ ಕೇಳಿದರು. ಮಕ್ಕಳು ಯೋಚಿಸಿ ಉತ್ತರ ಹುಡುಕುವವರೆಗೂ ಬಿಡಲಿಲ್ಲ. ಬೆಳಗಿನ ನಕ್ಷೆಯನ್ನು ಮತ್ತೆ ಬಿಡಿಸಿ, ಯಾವ ಪದರದ ಮೇಲೆ ಯಾವುದಿದೆ ಎಂದು ಅವರೇ ಬೆರಳಿಟ್ಟು ತೋರಿಸುವಂತೆ ಮಾಡಿದರು. ಫಲಕವನ್ನು ಓದುವುದು ಒಂದು, ಪದರವನ್ನು ಓದುವುದು ಇನ್ನೊಂದು ಎಂಬುದು ಹುಡುಗನಿಗೆ ಅಲ್ಲಿ ತಿಳಿಯಿತು.

ಅರಿಯಲೂರಿನ ದಾರಿಯಲ್ಲಿ ಸಿಮೆಂಟು ಕಾರ್ಖಾನೆಗಳ ಲಾರಿಗಳು ಸಾಲುಗಟ್ಟಿ ಎದುರಾಗುತ್ತವೆ. ಕಲ್ಲಂಕುರಿಚ್ಚಿಯ ಸುಣ್ಣಕಲ್ಲು ಎಂದರೆ ಕ್ರಿಟೇಶಿಯಸ್ ಯುಗದ ಕೊನೆಯ ಹೊತ್ತಿನ ಸಿಂಪಿಗಳ ರಾಶಿ. ಗ್ರೈಫಿಯಾ ಎಂಬ ದಪ್ಪ ಚಿಪ್ಪಿನ ಸಿಂಪಿ ಅದರಲ್ಲಿ ಒತ್ತೊತ್ತಾಗಿ ತುಂಬಿದೆ. ಗಣಿಯೊಳಗೆ ಪ್ರವೇಶವಿಲ್ಲದ ಕಾರಣ ಅದನ್ನು ವಾಹನದಿಂದಲೇ ಕೇಳಿ ತಿಳಿದುಕೊಂಡೆವು. ಅಘನಾಶಿನಿಯ ದಡದಲ್ಲಿ ಬಳಚು ಹೆಕ್ಕಿ ಬೆಳೆದ, ಚಿಪ್ಪು ಸುಟ್ಟ ಸುಣ್ಣದಿಂದ ಗೋಡೆ ಬಳಿಯುವುದನ್ನು ಕಂಡ ನನಗೆ, ಕೋಟಿಗಟ್ಟಲೆ ವರ್ಷಗಳ ಹಿಂದಿನ ಚಿಪ್ಪು ಇಂದು ಮನೆಯ ಸಿಮೆಂಟಾಗುತ್ತಿರುವ ವಿಷಯ ಬಹಳ ಹತ್ತಿರದ್ದೆನಿಸಿತು.

ವಾರಣವಾಸಿಯ ಪಳೆಯುಳಿಕೆ ವಸ್ತುಸಂಗ್ರಹಾಲಯಕ್ಕೆ ನಾವು ತಲುಪಿದಾಗ ಮುಚ್ಚಲು ಮುಕ್ಕಾಲು ಗಂಟೆ ಉಳಿದಿತ್ತು. ಬೆಳಗ್ಗೆ ಚೂರಾಗಿ ಕಂಡದ್ದೆಲ್ಲ ಇಲ್ಲಿ ಇಡಿಯಾಗಿ ಕಾಣಸಿಗುತ್ತದೆ; ಎರಡು ಕೈಯಲ್ಲಿ ತಬ್ಬಬೇಕಾದಷ್ಟು ದೊಡ್ಡ ಅಮೊನೈಟನ್ನು ನೋಡಿದ ಮೇಲೆ, ಕಾರೈಯಲ್ಲಿ ಕಂಡ ಬಾಗಿದ ಚೂರೊಂದು ಅಂಥದರ ಹೊರಸುತ್ತಿನ ತುಣುಕಾಗಿರಬಹುದು ಎಂಬುದು ಹೊಳೆಯಿತು. ಡೈನೋಸಾರಿನ ಮೊಟ್ಟೆಯ ಮಾತನ್ನೂ ಮಾರ್ಗದರ್ಶಿ ಇಲ್ಲಿಯೇ ಎತ್ತಿದರು. 2020ರ ಅಕ್ಟೋಬರಿನಲ್ಲಿ ಪೆರಂಬಲೂರು ಜಿಲ್ಲೆಯ ಕುನ್ನಂ ಬಳಿ ಡೈನೋಸಾರಿನ ಮೊಟ್ಟೆಗಳು ಸಿಕ್ಕಿವೆಯೆಂಬ ಸುದ್ದಿ ಚಿತ್ರಗಳೊಂದಿಗೆ ಎಲ್ಲೆಡೆ ಹರಡಿತ್ತು. ತಜ್ಞರು ಹೋಗಿ ನೋಡಿದಾಗ ಅವು ಅಮೊನೈಟುಗಳ ಸುತ್ತ ಖನಿಜ ಹೆಪ್ಪುಗಟ್ಟಿ ಆದ ಗುಂಡುಗಳೆಂದು ತಿಳಿಯಿತು. ಈ ಸೀಮೆಯ ಕಲ್ಲಮೇಡುವಿನಲ್ಲಿ ಡೈನೋಸಾರಿನ ಮೂಳೆಗಳು ನಿಜವಾಗಿಯೂ ದೊರೆತಿವೆ ಎಂದೂ ಅವರು ಸೇರಿಸಿದರು. ಇಷ್ಟು ಒಳ್ಳೆಯ ಸಂಗ್ರಹಕ್ಕೆ ಒಂದೂವರೆ ಗಂಟೆಯಾದರೂ ಬೇಕು.

ಹೋಗಬೇಕೆನ್ನುವವರಿಗೆ ನಾಲ್ಕು ಮಾತು. ಈಶಾನ್ಯ ಮಾರುತದ ಮಳೆ ಮುಗಿದ ಬಳಿಕ, ಜನವರಿಯಲ್ಲಿ ಹೋಗುವುದು ಉತ್ತಮ; ಆ ಮಳೆ ಕೊರಕಲುಗಳನ್ನು ಹೊಸದಾಗಿ ತೊಳೆದಿರುತ್ತದೆ, ಬಿಸಿಲೂ ಹದವಾಗಿರುತ್ತದೆ. ತಲಾ ಮೂರು ಲೀಟರ್ ನೀರು, ಅಗಲ ಅಂಚಿನ ಟೊಪ್ಪಿ, ಅಡಿ ಗಟ್ಟಿಯಾದ ಬೂಟು ನಿಮ್ಮದೇ ಇರಲಿ. ತೆರಣಿಗಾಗಿ ಒಂದು ಸಣ್ಣ ಟಾರ್ಚು ಮತ್ತು ಕಪ್ಪು ಕೊಡೆ ಒಯ್ಯಿರಿ. ಶುಲ್ಕವು ಮಾರ್ಗದರ್ಶಿಯ ಒಬ್ಬರ ತಿಳಿವಳಿಕೆಗೇ ಸಲ್ಲುತ್ತದೆ, ಅದರ ಬಗ್ಗೆ ನನಗೆ ಎರಡನೆಯ ಮಾತಿಲ್ಲ. ಹತ್ತು ವರ್ಷಕ್ಕಿಂತ ಚಿಕ್ಕ ಮಕ್ಕಳನ್ನು ಈಗಿನ ವೇಳಾಪಟ್ಟಿಯಲ್ಲಿ ಕರೆದೊಯ್ಯುವುದು ಬೇಡ.

ಮರಳಿದ ವಾರದಲ್ಲಿಯೇ ನಾನು ಆಯೋಜಕರಿಗೆ ಎರಡು ಪುಟದ ಪತ್ರ ಬರೆದು, ಪೂರ್ವಾಭಿಮುಖವಾದ ಹೊಸ ವೇಳಾಪಟ್ಟಿಯೊಂದನ್ನು ಅದರ ಜೊತೆಗಿಟ್ಟು ಕಳುಹಿಸಿದೆ. ಶೌಚಾಲಯದ ವಿಷಯದಲ್ಲಿ ಅವರು ತಪ್ಪೊಪ್ಪಿಕೊಂಡರು. ಮುಂದಿನ ಋತುವಿನಿಂದ ಬೆಳಗ್ಗೆ ಆರೂಮುಕ್ಕಾಲಿಗೆ ತೆರಣಿಯಲ್ಲಿ ಇಳಿಸುತ್ತೇವೆ ಎಂದೂ ಬರೆದಿದ್ದಾರೆ. ಜನವರಿಯ ತಂಡದಲ್ಲಿ ಎರಡು ಸೀಟು ಹೇಳಿಟ್ಟಿದ್ದೇನೆ. ಹುಡುಗನ ಟಿಪ್ಪಣಿ ಪುಸ್ತಕದಲ್ಲಿ ತೆರಣಿ ಎಂದು ಬರೆದ ಪುಟದ ಕೆಳಗೆ ಮುಕ್ಕಾಲು ಭಾಗ ಇನ್ನೂ ಖಾಲಿ ಇದೆ.